ಮುಂದಿನ ಊರಿಗೆ ದಬ್ಬಿದ ಹೆಣ

೧೯೭೪ರ ಶ್ರಾವಣ. ಕೃಷ್ಣೆ ಎರಡೂ ದಂಡೆ ತುಂಬಿ ಕೆಂಪು ರಾಡಿ ಹೊತ್ತು ಹರಿಯುತ್ತಿದ್ದಳು. ಗಲಗಲಿಯಿಂದ ಕೆಳಗೆ, ಬೀಳಗಿ ತಾಲೂಕಿನ ಒಂದು ಹೊಳೆದಂಡೆಯ ಊರು. ಮುಂಜಾನೆ ನೀರಿನ ಅಂಚಿಗೆ ನಿಂತವರು ಇಷ್ಟು ಜನ: ಊರಗೌಡರಾದ ಬಸನಗೌಡರು, ಅವರ ಇಬ್ಬರು ಆಳುಗಳು, ನಮ್ಮ ಹವಾಲ್ದಾರ ನದಾಫ, ಮತ್ತೆ ನಾನು. ಆಳುಗಳ ಕೈಯಲ್ಲಿ ಉದ್ದನೆಯ ಬಿದಿರ ಗಳ. ನಾನು ಆ ಭಾಗದ ಫೌಜದಾರ. ಪೊಲೀಸ್ ಸಬ್‌ಇನ್ಸ್‌ಪೆಕ್ಟರನನ್ನು ನಮ್ಮ ಕಡೆ ಹಿರಿಯರು ಇಂದಿಗೂ ಹಾಗೇ ಕರೆಯುತ್ತಾರೆ. ನೌಕರಿಗೆ ಸೇರಿ ಎರಡನೆಯ ವರ್ಷ. ಮೈಮೇಲಿನ ಖಾಕಿಯ ಗಂಜಿ ಇನ್ನೂ ಹೋಗಿರಲಿಲ್ಲ. ಊರಿನ ಹೆಸರು, ಠಾಣೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಕೆಟ್ಟ ಹೆಸರು ಅದೊಂದೇ ಊರಿಗೆ ಬಂದೀತು, ಅದು ನ್ಯಾಯವಲ್ಲ.

ನೀರಿನಲ್ಲಿ ಒಂದು ಹೆಣ ಬಂದಿತ್ತು. ದಂಡೆಯ ಜಾಲಿಗಿಡದ ಬೇರಿಗೆ ಸಿಕ್ಕಿ, ಬೋರಲಾಗಿ, ಅಲೆ ಬಂದಾಗೊಮ್ಮೆ ಅಲುಗುತ್ತಿತ್ತು.

ಇಂಥ ಹೆಣ ಸಿಕ್ಕಾಗ ಆಗಬೇಕಾದ ಕೆಲಸ ಏನೆಂಬುದನ್ನು ಓದುಗರಿಗೆ ಹೇಳಿಬಿಡುತ್ತೇನೆ. ಕಾನೂನಿನ ಕಲಂ ೧೭೪ರ ಪ್ರಕಾರ ಅಸಹಜ ಸಾವಿನ ಪ್ರಕರಣ ದಾಖಲಾಗಬೇಕು. ಊರಿನ ಐದು ಮಂದಿಯ ಎದುರು ಪಂಚನಾಮೆ, ಅಂದರೆ ಹೆಣ ಎಲ್ಲಿ ಹೇಗೆ ಇತ್ತು ಎಂಬುದರ ಬರವಣಿಗೆ, ಆಗಬೇಕು. ತಾಲೂಕಿನಿಂದ ಡಾಕ್ಟರರು ಬಂದು ಮರಣೋತ್ತರ ಪರೀಕ್ಷೆ ಮಾಡುವವರೆಗೆ ಕಾವಲು ಇರಬೇಕು. ಮಳೆಗಾಲದ ಎರೆಮಣ್ಣಿನಲ್ಲಿ ಡಾಕ್ಟರ ಜೀಪು ಹೂತರೆ ಎಳೆಯಲು ಎತ್ತು ಕೊಡಬೇಕು. ಇನ್ನು ಊರ ಪದ್ಧತಿಯಂತೆ, ಹೆಣ ಊರ ಹದ್ದಿನಲ್ಲಿ, ಅಂದರೆ ಗಡಿಯೊಳಗೆ, ಇರುವ ತನಕ ಒಲೆ ಹೊತ್ತಿಸುವಂತಿಲ್ಲ, ಗುಡಿಯಲ್ಲಿ ಪೂಜೆಯಿಲ್ಲ. ಪಂಚರಾಗಿ ಸಹಿ ಹಾಕಿದವರು ಮುಂದೆ ಕೋರ್ಟಿನ ಕಟ್ಟೆ ಸವೆಸಬೇಕು. ಸತ್ತವನಾರೋ, ತ್ರಾಸು ನಮಗ್ಯಾಕೆ ಎಂಬುದು ಜನರ ಮಾತು.

ಅದಕ್ಕೆ ಆ ದಂಡೆಯವರು ಒಂದು ಉಪಾಯ ಕಂಡುಕೊಂಡಿದ್ದರು. ಹೆಣ ಬಂದರೆ "ಬೀಗರು ಬಂದಾರ" ಎನ್ನುತ್ತಿದ್ದರು. ದಂಡೆಯ ಕಲ್ಲಿನ ಮೇಲೆ ಕಾಯಿ ಒಡೆದು, ನೀರಿಗೆ ಕುಂಕುಮ ಚೆಲ್ಲಿ, ಗಳ ಹಚ್ಚಿ ನಡುಹೊಳೆಗೆ ದಬ್ಬುತ್ತಿದ್ದರು. ಬೀಗರನ್ನು ಬರಿಗೈಲಿ ಕಳಿಸಬಾರದಲ್ಲ. ಹೆಣ ಮುಂದಿನ ಊರಿಗೆ ಹೋಗುತ್ತಿತ್ತು. ಅಲ್ಲಿಯವರೂ ಕಾಯಿ ಒಡೆಯುತ್ತಿದ್ದರು. ಪೊಲೀಸರ ಪಾಲಿನ ಕೆಲಸವೂ ಒಂದಿತ್ತು. ದಬ್ಬುವಾಗ ಫೌಜದಾರ ಊರ ಕಡೆ ಮುಖ ಮಾಡಿ ನಿಲ್ಲಬೇಕು. ನೋಡದಿದ್ದರೆ ವರದಿಯಿಲ್ಲ. ನಾನು ಆ ಠಾಣೆಗೆ ಹೋದ ವಾರದಲ್ಲೇ ನದಾಫ ಇದನ್ನು ನನಗೆ ತಿಳಿಸಿ ಹೇಳಿದ್ದ. ವಯಸ್ಸಿನಲ್ಲಿ ನನ್ನ ತಂದೆಯಷ್ಟು ದೊಡ್ಡವನು, ನಗಿಸುವ ಮನುಷ್ಯ.

"ಸಾಹೇಬ್ರ, ಹೊಳಿ ನಮ್ಮ ಹದ್ದಿನಾಗ ಹರೀಲಿ, ಬ್ಯಾಡನ್ನಾಕ ನಾವ್ಯಾರು? ಹೊಳ್ಯಾನ ಹೆಣ ಮಾತ್ರ ನಮ್ಮ ಹದ್ದಿನಾಗ ನಿಂದ್ರಬಾರದು. ಅಷ್ಟ ನೋಡ್ಕೊಂಡ್ರ ನೌಕರಿ ಛಲೋ ನಡೀತೈತಿ."

ನಾನು ನಕ್ಕಿದ್ದೆ. ಆ ಮುಂಜಾನೆಯೂ ಬಸನಗೌಡರು ಕಾಯಿ ಒಡೆದು, ಬಹಳ ಮರ್ಯಾದೆಯಿಂದ, "ಫೌಜದಾರ್ರ, ಒಂದೀಟು ಊರ ಕಡೆ ಮುಖಾ ಮಾಡ್ರಿ" ಎಂದರು. ಮಾಡಿದೆ. ತಿರುಗುವ ಮುಂಚೆ ಹೆಣದ ಮೈಮೇಲಿನ ಅಂಗಿ ಕಣ್ಣಿಗೆ ಬಿದ್ದಿತ್ತು. ನೀಲಿ ಚೌಕಡಿಯ ಅರಿವೆ. ಹಿಂದೆ ನೀರು ಬಡಿದ ಸದ್ದು, ಗಳ ಕೆಳಗಿಟ್ಟ ಸದ್ದು. "ಹೋದ್ರು ಬೀಗರು" ಎಂದ ಒಬ್ಬ ಆಳು. ಎಲ್ಲರೂ ಚಹಾ ಕುಡಿಯಲು ಗೌಡರ ಮನೆಗೆ ನಡೆದೆವು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಮನುಷ್ಯ ದಂಡೆಯ ಹಾದಿ ಹಿಡಿದು ಊರೊಳಗೆ ಬಂದ. ಮೊಳಕಾಲ ತನಕ ರಾಡಿ, ಹೆಗಲ ಮೇಲೊಂದು ಟವೆಲ್ಲು, ಕಾಲಲ್ಲಿ ಕೆರವಿಲ್ಲ. ಬನಹಟ್ಟಿಯ ನೇಕಾರ, ಹೆಸರು ಗುರುಪಾದಪ್ಪ ಎಂದ. ಅವನ ಒಬ್ಬನೇ ಮಗ ನಾಲ್ಕು ದಿನದ ಹಿಂದೆ ಹೊಳೆಗೆ ಈಸಲು ಹೋದವನು ಸೆಳವಿಗೆ ಸಿಕ್ಕು ಹೋಗಿದ್ದ. ಅಂದಿನಿಂದ ಈತ ದಂಡೆ ಹಿಡಿದು ಊರೂರು ಕೇಳುತ್ತ ಇಳಿದು ಬರುತ್ತಿದ್ದ. ಹೆಣ ಸಿಗದೆ ಮಣ್ಣು ಕೊಡುವಂತಿಲ್ಲ, ಮಣ್ಣು ಕೊಡದೆ ಹೆಂಡತಿ ಬಾಯಿಗೆ ಅನ್ನ ಹಾಕುತ್ತಿಲ್ಲ, ಅವಳೂ ಹೋದರೆ ತನಗೆ ಯಾರೂ ಇಲ್ಲ ಎಂದ. ದಾರಿಯ ಎಲ್ಲ ಊರಿನಲ್ಲೂ, ಏನೂ ಬಂದಿಲ್ಲ ಎಂದೇ ಹೇಳಿದ್ದರಂತೆ. ಕಂಡೆವು ಎಂದರೆ ದಬ್ಬಿದೆವು ಎಂದೂ ಹೇಳಬೇಕಾಗುತ್ತದಲ್ಲ.

ಗೌಡರು ಕೆಟ್ಟವರಲ್ಲ. ಆತನನ್ನು ಕಟ್ಟೆಯ ಮೇಲೆ ಕೂರಿಸಿ, ಒಳಗಿನಿಂದ ರೊಟ್ಟಿ, ಮಜ್ಜಿಗೆ ತರಿಸಿದರು. ಆತ ಮುಟ್ಟಲಿಲ್ಲ. "ಅಂವ ತೊಟ್ಟ ಅಂಗಿ ಅರಿವಿ ನಾನ ನೇದದ್ದರಿ" ಎಂದ. "ನೀಲಿ ಚೌಕಡಿ. ಎಷ್ಟ ನೀರಾಗ ನೆನೀಲಿ, ನೋಡಿದ್ರ ನನಗ ಗುರ್ತ ಹತ್ತತೈತಿ."

ಕಟ್ಟೆಯ ಮೇಲಿದ್ದವರೆಲ್ಲ ನೆಲ ನೋಡಿದೆವು. ಗೌಡರೇ ಬಾಯಿ ತೆರೆದರು.

"ಇಲ್ಲ ತಮ್ಮಾ, ಈ ಕಡೆ ಏನೂ ಬಂದಿಲ್ಲ. ಬಂದಿದ್ರ ನಾವು ಬಿಡತಿದ್ದಿವೇನು?"

ನಾನು ಅಲ್ಲೇ ಕುಳಿತಿದ್ದೆ. ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಕಾನೂನು ಕಲಿತವನು, ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಪಟ್ಟಿ ಒರೆಸುತ್ತಿದ್ದೆ.

ಅದೇ ಹೊತ್ತಿಗೆ ನರ್ಸಬಾಯಿ ಬಂದರು. ಅವರ ಹೆಸರು ಎಸ್ತೇರಬಾಯಿ. ಗುಳೇದಗುಡ್ಡದ ನೇಕಾರ ಕ್ರೈಸ್ತರ ಮನೆತನದವರು, ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ವಯಸ್ಸು ಐವತ್ತರ ಮೇಲೆ. ಸರಕಾರಿ ಸೂಲಗಿತ್ತಿಯಾಗಿ ಆ ದಂಡೆಯ ಊರುಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ತಿರುಗಿದವರು. ಸುತ್ತ ಎಲ್ಲೂ ಚರ್ಚು ಇರಲಿಲ್ಲ. ರವಿವಾರ ತಮ್ಮ ಖೋಲಿಯಲ್ಲಿ ಒಬ್ಬರೇ ಹಾಡುತ್ತಿದ್ದರು. ದನಿ ಅಷ್ಟಕ್ಕಷ್ಟೇ. "ಬಾಯಾರ ದೇವರಿಗೆ ತಾಳ್ಮಿ ಭಾಳ ಐತಿ" ಎಂದು ನದಾಫ ಚಾಷ್ಟಿ ಮಾಡುತ್ತಿದ್ದ. ಹೆರಿಗೆಗೆ ಅವರನ್ನು ಒಳಕೋಣೆಯ ತನಕ ಕರೆಯುತ್ತಿದ್ದ ಜನ, ಅವರು ಹೊರಟ ಮೇಲೆ ಕುಳಿತ ಜಾಗಕ್ಕೆ ನೀರು ಚಿಮುಕಿಸುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಏಳುವ ಮುಂಚೆ ತಾವೇ ಒದ್ದೆ ಅರಿವೆಯಿಂದ ಆ ಜಾಗ ಒರೆಸಿ, "ನಿಮಗ್ಯಾಕ ತ್ರಾಸ" ಎಂದು ಏಳುತ್ತಿದ್ದರು. ಆ ಮಾತಿನಲ್ಲಿ ಕೊಂಕು ಹುಡುಕಿದರೂ ಸಿಗುತ್ತಿರಲಿಲ್ಲ.

ಆ ದಿನ ಅವರು ಪಕ್ಕದ ವಸ್ತಿಯಲ್ಲಿ ಇಡೀ ರಾತ್ರಿ ಬಾಣಂತಿಯ ಹತ್ತಿರ ಕುಳಿತು, ದಂಡೆಯ ಹಾದಿಯಿಂದ ಊರಿಗೆ ಮರಳಿದ್ದರು. ಕಲ್ಲಿನ ಮೇಲೆ ಹಸಿ ಕಾಯಿಯ ಹೋಳು, ಕುಂಕುಮ ಕಂಡಿದ್ದರು. ಕಟ್ಟೆಯ ಮೇಲೆ ಈ ಮನುಷ್ಯನನ್ನೂ, ಮುಟ್ಟದ ಮಜ್ಜಿಗೆಯನ್ನೂ ಕಂಡು ಏನಾಯಿತೆಂದು ಕೇಳಿದರು. ಗುರುಪಾದಪ್ಪ ಮತ್ತೆ ಎಲ್ಲ ಹೇಳಿದ. ಅವರು ಚೀಲ ಕೆಳಗಿಟ್ಟರು. ನನ್ನ ಕಡೆ ತಿರುಗಿದರು.

"ಫೌಜದಾರ್ರ, ಮುಂಜಾನೆ ಬಂದಿದ್ದರ ಅಂಗಿ ಯಾವ ಬಣ್ಣದ್ದಿತ್ರಿ?"

ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ಎದ್ದು ಗದರಿಸುತ್ತಿದ್ದೆನೋ ಏನೋ. "ನೀಲಿ" ಎಂದೆ.

ಅವರು ಗುರುಪಾದಪ್ಪನ ಎದುರು ನೆಲದ ಮೇಲೆ ಕುಳಿತು ಎರಡೂ ಕೈಯಿಂದ ಅವನ ರಾಡಿಗಾಲು ಹಿಡಿದರು.

"ಅಣ್ಣಾ, ನಿನ್ನ ಮಗಾ ಇಲ್ಲಿ ಬಂದಿದ್ದ. ನಾವು ಹೊರಗ ತಗೀಲಿಲ್ಲ. ಗಳಾ ಹಚ್ಚಿ ಮುಂದ ದಬ್ಬಿದಿವಿ. ತಪ್ಪಾತು."

ಗೌಡರ ಮುಖ ಕೆಂಪಾಯಿತು. "ನರ್ಸಬಾಯಿ, ಮುಂಜಾನೆ ನೀ ಊರಾಗ ಇದ್ದಿಲ್ಲ. ಇಲ್ಲದ್ದರಾಗ ಯಾಕ ತಲಿ ಹಾಕತಿ?"

"ಹೋದ ವರ್ಷ ಬಂದಾಗ ಇದ್ದೆ ಗೌಡ್ರ. ಕದಾ ಹಾಕ್ಕೊಂಡು ಒಳಗ ಕುಂತಿದ್ದೆ."

ಗುರುಪಾದಪ್ಪ ಚೀರಾಡುತ್ತಾನೆ, ಗೌಡರ ಮೈಮೇಲೆ ಬೀಳುತ್ತಾನೆ ಎಂದು ನಾನು ಎದ್ದು ನಿಂತೆ. ಆತ ಕಾಲು ಬಿಡಿಸಿಕೊಂಡ, ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿದ. "ಎಷ್ಟ ಹೊತ್ತಾತ್ರಿ ದಬ್ಬಿ?" ಎಂದು ಮಾತ್ರ ಕೇಳಿದ. ಅಷ್ಟಕ್ಕೇ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ನಮ್ಮ ಅಜ್ಜಿ ಮಹಾಲಿಂಗಪುರದಲ್ಲಿ ಹೇಳುತ್ತಿದ್ದಳು, ಬೈದವನ ಎದುರು ನಿಲ್ಲಬಹುದು, ಬೈಯದವನ ಎದುರು ನಿಲ್ಲಲಾಗದು ಎಂದು. ಆ ಮಾತಿನ ತೂಕ ಅವತ್ತು ತಿಳಿಯಿತು.

ಆತ ದಂಡೆ ಹಿಡಿದು ನಡೆದ. ಎಸ್ತೇರಬಾಯಿ ಚೀಲವನ್ನು ಅಲ್ಲೇ ಬಿಟ್ಟು ಅವನ ಬೆನ್ನು ಹತ್ತಿದರು. ನಾನು, ನದಾಫ ಹಿಂದೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಬಸನಗೌಡರು ಕೆರ ಕೈಯಲ್ಲಿ ಹಿಡಿದು, ಧೋತರ ಎತ್ತಿ ಕಟ್ಟಿ, ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ಯಾರನ್ನೂ ಕೂಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ಎರೆಮಣ್ಣು ಕಾಲಿಗೆ ಅಂಟಿ ಒಂದೊಂದು ಹೆಜ್ಜೆಯೂ ಭಾರ. ದಾರಿಯಲ್ಲಿ ಎಸ್ತೇರಬಾಯಿಯ ಪಕ್ಕಕ್ಕೆ ಬಂದಾಗ ನಾನು, ನೀವು ಮಾಡದ ತಪ್ಪನ್ನು ಮೈಮೇಲೆ ಹಾಕಿಕೊಂಡದ್ದು ಯಾಕೆ ಎಂದು ಕೇಳಿದೆ. ನನ್ನನ್ನೂ ಗೌಡರನ್ನೂ ಬೆರಳು ಮಾಡಿ ತೋರಿಸಿದ್ದರೆ ಸಾಕಿತ್ತು. ಅವರು ಉಸಿರು ತೆಗೆದುಕೊಳ್ಳಲು ನಿಂತರು. ಅವರ ಬಾಯಿಂದ ಧರ್ಮದ ಮಾತು ನಾನು ಕೇಳಿದ್ದು ಅದೊಂದೇ ಸಲ.

"ನಮ್ಮ ಸ್ವಾಮಿ ಹೊಳ್ಯಾಗ ಇಳದು ಪಾಪಾ ತೊಳಕೊಳ್ಳಾಕ ಬಂದವರ ಸಾಲಿನ್ಯಾಗ ನಿಂತಿದ್ದ ಸಾಹೇಬ್ರ. ಅಂವಗ ತೊಳಕೊಳ್ಳಾಕ ಏನೂ ಇದ್ದಿದ್ದಿಲ್ಲ. ನನಗರ ಐತಿ."

ಮತ್ತೆ ನಡೆದರು.

ಎರಡು ಊರು ದಾಟಿದ ಮೇಲೆ ಹೊಳೆ ಬಲಕ್ಕೆ ತಿರುಗುತ್ತದೆ. ಅಲ್ಲಿ ಕೊಚ್ಚಿಬಂದ ಮುಳ್ಳುಕಂಟಿಯೆಲ್ಲ ಒಟ್ಟಾಗುವ ಜಾಗ. ದೂರದಿಂದಲೇ ದಂಡೆಯ ಮೇಲೆ ನಾಲ್ಕೈದು ಮಂದಿ ಕಂಡರು, ಗಳ ಕಂಡಿತು. ಕಾಯಿ ಒಡೆದಾಗಿತ್ತು. ಒಬ್ಬ ಹರೆಯದ ಹುಡುಗ ಸೊಂಟದ ತನಕ ಇಳಿದು ಗಳ ಚಾಚಿದ್ದ. ಗುರುಪಾದಪ್ಪ ಓಡಿದ, ಕಾಲು ಜಾರಿ ರಾಡಿಯಲ್ಲಿ ಬಿದ್ದ. ನಾನು ನಿಲ್ಲಿಸಿ ಎಂದು ಕೂಗಿದೆ. ಖಾಕಿ ಕಂಡು ಅವರು, ಸಾಹೇಬರು ಮುಖ ತಿರುಗಿಸಲಿ ಎಂದು ಕಾದು ನಿಂತರು. ಅವರ ತಪ್ಪಲ್ಲ. ನಮ್ಮ ಪದ್ಧತಿಯೇ ಹಾಗಿತ್ತು.

ಎಸ್ತೇರಬಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ನೀರಿಗೆ ಇಳಿದರು. ಎದೆಮಟ್ಟ ನೀರು, ಸೆಳವು ಬೇರೆ. ಕಂಟಿ ಹಿಡಿದು ಹಿಡಿದು ಹೆಣದ ಹತ್ತಿರ ಹೋಗಿ, ಅದರ ತಲೆಯನ್ನು ತಮ್ಮ ತೋಳಿನ ಮೇಲೆ ತೆಗೆದುಕೊಂಡು ನಿಂತರು. ದಿನಗಳಿಂದ ನೀರಿನಲ್ಲಿದ್ದ ಹೆಣ. ನಾನು ದಂಡೆಯ ಮೇಲೆಯೇ ಮೂಗಿಗೆ ಕರವಸ್ತ್ರ ಹಿಡಿದಿದ್ದೆ. ಗಳ ಹಿಡಿದವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವರು ಅವನನ್ನು ನೋಡಿ ಗುರುತು ಹಿಡಿದರು.

"ಲೇ ಮಲ್ಲ್ಯಾ, ನಿನ್ನ ಹೊರಗ ತಗದಾಕಿ ನಾನ. ಅವತ್ತ ನೀ ಉಲ್ಟಾ ಬಂದಿದ್ದಿ, ಕಾಲ ಮುಂದ ಮಾಡಿ. ತ್ರಾಸ ಆಕ್ಕೈತಂತ ನಾ ನಿನ್ನ ಹೊಳ್ಳಿ ಒಳಗ ದಬ್ಬಿದ್ನೇನು? ಗಳಾ ಒಗದು ಬಾ, ಹೆಗಲ ಕೊಡು."

ದಂಡೆಯ ಮೇಲಿನ ಮುದುಕನೊಬ್ಬನಿಗೆ ನಗು ಬಂತು; ತಡೆಯಲು ಹೋಗಿ ಅತ್ತುಬಿಟ್ಟ. ಮಲ್ಲಪ್ಪ ಗಳ ಬಿಟ್ಟು ಈಸಿದ. ಅವನ ಹಿಂದೆ ನೀರಿಗೆ ಬಿದ್ದವರು ಬಸನಗೌಡರು. ನಾನಲ್ಲ. ಬೂಟಿನ ದಾರ ಬಿಚ್ಚುತ್ತ ಕುಳಿತವನಿಗೆ ಅವರು ಹೆಣ ಹೊತ್ತು ದಂಡೆ ಹತ್ತಿದ್ದು ಕಂಡಿತು. ಗುರುಪಾದಪ್ಪ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ನನ್ನದ" ಎಂದ. ಅರಿವೆಯ ಮಾತೋ ಮಗನ ಮಾತೋ, ಎರಡೂ ಒಂದೇ.

ಮರುದಿನ ಬೀಳಗಿಯಿಂದ ಡಾಕ್ಟರರು ಬಂದು ದಂಡೆಯ ಮೇಲೆಯೇ ಪರೀಕ್ಷೆ ಮುಗಿಸಿದರು. ಬನಹಟ್ಟಿಗೆ ಒಯ್ಯುವ ಸ್ಥಿತಿಯಲ್ಲಿ ದೇಹವಿರಲಿಲ್ಲ. ಬಂಡಿಯಲ್ಲಿ ಊರಿಗೆ ಒಯ್ದು ತಮ್ಮ ಹೊಲದಲ್ಲಿ ಮಣ್ಣು ಕೊಡೋಣ ಎಂದು ಗೌಡರೇ ಹೇಳಿದರು. ಎಸ್ತೇರಬಾಯಿ ಬಿಸಿನೀರು ಕಾಯಿಸಿ ಆ ಹುಡುಗನ ಮೈ ತೊಳೆದರು, ಹಸುಗೂಸನ್ನು ತೊಳೆಯುವ ಹಾಗೆಯೇ, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ. ಹಣೆಗೆ ವಿಭೂತಿ ಬೇಕು, ಜಂಗಮರು ಬೇಕು ಎಂದು ಅವರೇ ನೆನಪಿಸಿದರು. ಜಂಗಮರು ಬಂದ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ಬೇಲಿಯ ಹತ್ತಿರ ನಿಂತರು. ಗೌಡರು ಹೋಗಿ ಕೈಹಿಡಿದು ಅವರನ್ನು ಕುಣಿಯ ಬಳಿಗೆ ಕರೆತಂದರು. ಮೊದಲ ಹಿಡಿ ಮಣ್ಣು ತಂದೆಯದು, ಎರಡನೆಯದು ಎಸ್ತೇರಬಾಯಿಯವರದು.

ಪಂಚನಾಮೆಯಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಹೆಣವನ್ನು ಮೊದಲು ಕಂಡದ್ದು ನಮ್ಮ ಹದ್ದಿನಲ್ಲಿ, ದಬ್ಬಿದ್ದು ನನ್ನ ಸಮಕ್ಷಮ. ಮೇಲಿನವರು ಕರೆಸಿ, ಒಂದು ಸಾಲು ಹೊಡೆದುಹಾಕಿದರೆ ಎಲ್ಲರಿಗೂ ಒಳಿತು ಎಂದರು. ನಾನು ಹೊಡೆದುಹಾಕಲಿಲ್ಲ. ಅದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ಆ ನರ್ಸಬಾಯಿಯ ಎದುರು ಇನ್ನೊಮ್ಮೆ ನಿಲ್ಲಬೇಕಿತ್ತು, ಅಷ್ಟೇ. ಕಾರಣ ಕೇಳಿ ಮೆಮೊ ಬಂತು, ಬೇಸಿಗೆಯ ಹೊತ್ತಿಗೆ ವರ್ಗವೂ ಆಯಿತು.

ವರ್ಗವಾಗುವ ಮುಂಚೆ ಒಂದು ದಿನ ಗುರುಪಾದಪ್ಪ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆ ಸಮಾಧಿಯ ಮುಂದೆ ಬಹಳ ಹೊತ್ತು ಕುಳಿತು, ಎದ್ದು, ಸುತ್ತ ನಿಂತ ನಮ್ಮನ್ನೆಲ್ಲ ನೋಡಿ, ನನ್ನ ಮಗನನ್ನು ಹೊಳೆಯಿಂದ ತೆಗೆದ ಪುಣ್ಯವಂತರು ಯಾರು ಎಂದು ಕೇಳಿದಳು. ಗಂಡ ಅವಳಿಗೆ ಅರ್ಧವೇ ಹೇಳಿದ್ದನೆಂದು ಆಗ ತಿಳಿಯಿತು. ಹೊಲ ಕೊಟ್ಟವರು ಗೌಡರು. ಆಕೆಯ ಕಣ್ಣು ಅವರ ಮೇಲೆಯೇ ಇತ್ತು. ಅವರು ಸುಮ್ಮನಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು.

"ತಗದಾಕಿ ನರ್ಸಬಾಯಿ, ತಂಗಿ" ಎಂದರು ಗೌಡರು. "ನಾ ದಬ್ಬಿದಾಂವ."

ತಲೆ ಎತ್ತದೆ ಹೇಳಿದರು. ಊರಿನ ಪಂಚಾಯತಿಕೆ ಮಾಡುವ ಮನುಷ್ಯ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಆಗ ಮುಖ ತಿರುಗಿಸಿ ನಿಂತ ಫೌಜದಾರ ನಾನೇ ಎಂದು ನಾನೂ ಹೇಳಿದೆ. ಆಕೆ ನಮ್ಮಿಬ್ಬರನ್ನೂ ನೋಡಿದಳು. ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಬಿಸಿಲು ಬಹಳವಿತ್ತು, ಸ್ವಲ್ಪ ಹೊತ್ತಿನ ಮೇಲೆ ಕುಡಿಯಲು ನೀರು ಬೇಕು ಎಂದಳು. ಗೌಡರು ತಾವೇ ಮನೆಗೆ ಹೋಗಿ ತಂದರು. ಕುಡಿದಳು.

ಆಮೇಲೆ ಮುಧೋಳ, ಜಮಖಂಡಿ ಎಂದು ಹಲವು ಠಾಣೆಗಳಲ್ಲಿ ದುಡಿದೆ. ಕೊಲೆ, ದರೋಡೆ ಎಲ್ಲ ಕಂಡೆ. ಠಾಣೆಯ ಹದ್ದು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ನಕ್ಷೆ ನೋಡಿ ಕಲಿತಿದ್ದೆ. ಮನುಷ್ಯನ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನು ಒಬ್ಬ ಸೂಲಗಿತ್ತಿ ಎದೆಮಟ್ಟ ನೀರಿನಲ್ಲಿ ನಿಂತು ತೋರಿಸಿದರು. ನಾಚಿಕೆ ಬಹಳ ಸಲ ಮನುಷ್ಯನನ್ನು ಅಡಗುವಂತೆ ಮಾಡುತ್ತದೆ. ಅವರು ಮಾಡಿದ್ದು ಬೇರೆ. ನಮ್ಮ ನಾಚಿಕೆಯಲ್ಲಿ ತಾವೂ ಪಾಲು ತೆಗೆದುಕೊಂಡು, ನಾವು ಅದನ್ನು ಹೊತ್ತು ನಿಲ್ಲುವ ಹಾಗೆ ಮಾಡಿದರು. ಆ ಒಂದು ಮಧ್ಯಾಹ್ನದ ನಾಚಿಕೆ ನನ್ನನ್ನು ನೌಕರಿಯುದ್ದಕ್ಕೂ ಕಾಯಿತು, ಈಗಲೂ ಪೂರ್ತಿ ಬಿಟ್ಟಿಲ್ಲ. ಎಸ್ತೇರಬಾಯಿ ನಿವೃತ್ತರಾಗಿ ಗುಳೇದಗುಡ್ಡಕ್ಕೆ ಹೋದರು, ಅಲ್ಲೇ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಲುಪಿತು.

ತೊಂಬತ್ತರ ದಶಕದ ಕೊನೆಗೆ, ಕೆಳಗಿನ ಆಣೆಕಟ್ಟೆಯ ಹಿನ್ನೀರಿನಿಂದ ಆ ಊರು ಮುಳುಗುವುದೆಂದು ನಿಶ್ಚಯವಾಗಿ, ಜನರಿಗೆ ಎತ್ತರದ ಬಯಲಿನಲ್ಲಿ ಹೊಸ ಜಾಗ ಕೊಟ್ಟರು. ನಾನಾಗ ಅವಧಿಗೆ ಮುಂಚೆಯೇ ನಿವೃತ್ತನಾಗಿ ಮಹಾಲಿಂಗಪುರದಲ್ಲಿದ್ದೆ. ಊರು ಬಿಡುವ ಮುಂಚೆ ಒಮ್ಮೆ ಬಂದು ಹೋಗಿರೆಂದು ಬಸನಗೌಡರು ಹೇಳಿಕಳಿಸಿದರು, ಹೋದೆ. ಅವರ ಹೊಲದ ಬದುವಿನಲ್ಲಿ ಬನಹಟ್ಟಿಯ ಹುಡುಗನ ಪಕ್ಕ ಇನ್ನೂ ಐದು ಸಮಾಧಿಗಳಿದ್ದವು. ಆಮೇಲಿನ ವರ್ಷಗಳಲ್ಲಿ ಹೊಳೆಯಲ್ಲಿ ಬಂದವರು, ಊರವರು ಹೊರಗೆ ತೆಗೆದವರು, ಯಾರೂ ಹುಡುಕಿಕೊಂಡು ಬರದವರು. ಸರಕಾರದ ಪರಿಹಾರದಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಗುರುಪಾದಪ್ಪ ಬಂದಿದ್ದ, ಹೆಂಡತಿಯೂ ಬಂದಿದ್ದಳು. ಊರವರು ಆರೂ ಸಮಾಧಿಗಳನ್ನು ತೆಗೆದು, ಸಿಕ್ಕ ಎಲುಬುಗಳನ್ನು ಹೊಸ ಅರಿವೆಯಲ್ಲಿ ಕಟ್ಟಿ, ಟ್ರ್ಯಾಕ್ಟರಿನಲ್ಲಿ ಇಟ್ಟರು, ಎಲ್ಲರೂ ಕೂಡಿ ಎತ್ತರದ ಬಯಲಿಗೆ ಹೋದೆವು. ಅಲ್ಲಿ ಆಗಿನ್ನೂ ಒಂದು ಮನೆಯೂ ಎದ್ದಿರಲಿಲ್ಲ. ಮೊದಲು ಅವರಿಗೆ ಆರು ಕುಣಿ ತೋಡಿ ಮಣ್ಣು ಕೊಟ್ಟರು. ಮನೆಗಳ ಬುನಾದಿಯನ್ನು ಮರುದಿನದಿಂದ ಅಗೆದರು.